ಮದುವೆಯಾದರೆ ರಾಜೀನಾಮೆ: ಸೇವಾ ನಿಯಮಗಳೊಳಗಿನ ಹೆಣ್ಣಿನ ಕಥೆ

ನೌಕರಿಯಲ್ಲಿ ಹೆಣ್ಣಿಗೂ ಗಂಡಿಗೂ ಸಮಾನತೆ ಬೇಕು ಎಂಬ ಮಾತು ಈಗ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ. ಮಾರ್ಚ್ ತಿಂಗಳ ಮಹಿಳಾ ದಿನಾಚರಣೆಯಲ್ಲಂತೂ ಅದಕ್ಕೆ ಬರವಿಲ್ಲ. ಜನರ ಮನೋಭಾವ ಬದಲಾಗಬೇಕು ಎಂದು ಹೇಳಿ ಭಾಷಣಕಾರರು ಹಾರ ಹಾಕಿಸಿಕೊಂಡು ಇಳಿಯುತ್ತಾರೆ. ಮನೋಭಾವ ಬದಲಾಗಬೇಕಾದದ್ದು ನಿಜವೇ. ಆದರೆ ಬ್ಯಾಂಕಿನ ಗುಮಾಸ್ತಿಕೆಯಲ್ಲಿ ಕಾಲ ಕಳೆಯುವ ನನ್ನಂಥವನಿಗೆ ಇನ್ನೊಂದು ವಿಷಯವೂ ಕಾಣುತ್ತದೆ. ಕಚೇರಿಯಲ್ಲಿ ಮನುಷ್ಯರ ಮನಸ್ಸಿಗಿಂತ ಸುತ್ತೋಲೆಗೆ ಬಲ ಹೆಚ್ಚು. ರಜೆ ಎಷ್ಟು, ಬಡ್ತಿ ಯಾರಿಗೆ, ವರ್ಗಾವಣೆ ಎಲ್ಲಿಗೆ ಎಂಬುದನ್ನೆಲ್ಲ ತೀರ್ಮಾನಿಸುವುದು ಮೇಲಧಿಕಾರಿಯ ಒಳ್ಳೆಯತನವಲ್ಲ. ಕಪಾಟಿನಲ್ಲಿ ಧೂಳು ಹಿಡಿದು ಕುಳಿತ ನಿಯಮ ಪುಸ್ತಕ. ಅದರ ಯಾವುದೋ ಉಪನಿಯಮದ ಒಂದು ಸಾಲಿಗೆ ಮನೆಯೊಂದರ ಅನ್ನವನ್ನು ಕೊಡುವ ಶಕ್ತಿಯೂ ಇದೆ, ಕಸಿಯುವ ಶಕ್ತಿಯೂ ಇದೆ.

ಸ್ವತಂತ್ರ ಭಾರತದ ಅಂಥ ನಿಯಮ ಪುಸ್ತಕಗಳಲ್ಲಿ ಬಹುಕಾಲ ಒಂದು ಸಾಲು ಇತ್ತು. ಹೆಣ್ಣು ಮದುವೆಯಾದರೆ ಕೆಲಸ ಬಿಡಬೇಕು ಎಂಬುದೇ ಆ ಸಾಲು. ಅದು ಹೇಗೆ ಬಂತು, ಯಾರು ಅದನ್ನು ಅಳಿಸಿದರು, ಅಳಿಸಿದ ಮೇಲೆಯೂ ಅದು ಯಾವ ಯಾವ ವೇಷದಲ್ಲಿ ಮರಳಿ ಬಂತು ಎಂಬುದನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ. ಈ ಚರಿತ್ರೆಯ ಮುಖ್ಯ ಪಾತ್ರಗಳು ನಮಗೆ ದೂರದವರಲ್ಲ. ಒಬ್ಬರು ಕೊಡಗಿನವರು, ಕೆಲವರು ಕೇರಳದವರು. ಕನ್ನಡ ಮಲಯಾಳ ಎರಡನ್ನೂ ಒಂದೇ ಹೊದಿಕೆಯೊಳಗೆ ಇಟ್ಟುಕೊಂಡ ಈ ವಾರ್ಷಿಕಕ್ಕೆ ಆದ್ದರಿಂದ ಇದು ಸಲ್ಲುವ ವಿಷಯವೆಂದು ಭಾವಿಸುತ್ತೇನೆ.

ಅಡುಗೆಮನೆಯ ವಾದ

ಹೆಣ್ಣಿಗೆ ಸರಕಾರಿ ಕೆಲಸ ಕೊಡಬೇಕೇ ಎಂಬ ಚರ್ಚೆ ಸ್ವಾತಂತ್ರ್ಯಕ್ಕಿಂತ ಹಳೆಯದು. 1920ರ ದಶಕದ ಕೊನೆಯಲ್ಲಿ ತಿರುವಿದಾಂಕೂರು ಸಂಸ್ಥಾನದ ರಾಜಧಾನಿ ತಿರುವನಂತಪುರದಲ್ಲಿ ಈ ಬಗ್ಗೆ ಬಿಸಿಬಿಸಿ ವಾಗ್ವಾದ ನಡೆಯಿತು. ಮುಂದೆ ತಿರುವಿದಾಂಕೂರಿನ ಸ್ಟೇಟ್ ಮ್ಯಾನ್ಯುಯಲ್ ಬರೆದು ಹೆಸರಾದ ವಿದ್ವಾಂಸ ಟಿ. ಕೆ. ವೇಲುಪಿಳ್ಳೆಯವರು ಹೆಂಗಸರಿಗೆ ಉದ್ಯೋಗ ಕೊಡುವುದನ್ನು ವಿರೋಧಿಸಿ ಮಾತನಾಡಿದರು. ಹೆಣ್ಣು ಕಚೇರಿಗೆ ಹೊರಟರೆ ಸಂಸಾರದ ನೆಮ್ಮದಿ ಕೆಡುತ್ತದೆ, ಗಂಡಸರ ಜೀವನೋಪಾಯಕ್ಕೂ ಕುತ್ತು ಬರುತ್ತದೆ ಎಂಬುದು ಆ ಕಾಲದ ಇಂಥ ವಾದಗಳ ತಿರುಳು.

ಅದಕ್ಕೆ ಸಾರ್ವಜನಿಕ ಸಭೆಯಲ್ಲೇ ಎದ್ದುನಿಂತು ಉತ್ತರ ಕೊಟ್ಟವರು ಅನ್ನಾ ಚಾಂಡಿ. 1905ರಲ್ಲಿ ಹುಟ್ಟಿದ ಅವರು ಕೇರಳದಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ. ನ್ಯಾಯಾಲಯದಲ್ಲಿ ಎದುರುಪಕ್ಷದ ವಾದವನ್ನು ಒಂದೊಂದಾಗಿ ಬಿಡಿಸುವಂತೆ ಅವರು ಅಡುಗೆಮನೆಯ ವಾದವನ್ನು ಬಿಡಿಸಿಟ್ಟರು. 1937ರಲ್ಲಿ ಅವರು ಮುನ್ಸೀಫರಾದರು, 1948ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು. 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿಯಾಗಿ 1967ರವರೆಗೆ ಆ ಪೀಠದಲ್ಲಿ ಕುಳಿತರು. ಭಾರತದ ಯಾವ ಹೈಕೋರ್ಟಿನಲ್ಲೂ ಅದಕ್ಕೆ ಮುಂಚೆ ಮಹಿಳೆಯೊಬ್ಬರು ನ್ಯಾಯಮೂರ್ತಿಯಾಗಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಕಾಸರಗೋಡು ಕೂಡ ಅದೇ ಹೈಕೋರ್ಟಿನ ವ್ಯಾಪ್ತಿಗೆ ಸೇರಿತ್ತು ಎಂಬುದನ್ನು ಇಲ್ಲಿ ನೆನಪಿಸಬಹುದು.

ಗಮನಿಸಬೇಕಾದ ಅಂಶವೆಂದರೆ ಅನ್ನಾ ಚಾಂಡಿಯವರು ಮದುವೆಯಾಗಿ, ಸಂಸಾರ ಹೂಡಿಕೊಂಡೇ ಇದೆಲ್ಲವನ್ನೂ ಸಾಧಿಸಿದರು. ಕಣ್ಣೆದುರಿಗೆ ಅಂಥ ಒಂದು ನಿದರ್ಶನ ಇದ್ದರೂ ಹೊಸ ದೇಶದ ಆಡಳಿತ ಅಡುಗೆಮನೆಯ ವಾದವನ್ನು ಬಿಟ್ಟುಕೊಡಲಿಲ್ಲ. ಅದನ್ನು ಸಭೆಯ ಮಾತಿನಿಂದ ಎತ್ತಿ ಸರಕಾರಿ ಕಾಗದಕ್ಕೆ ಇಳಿಸಿತು.

ಎರಡು ನೇಮಕಾತಿಗಳು

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ 1924ರ ಜನವರಿ 24ರಂದು ವಿರಾಜಪೇಟೆಯಲ್ಲಿ ಹುಟ್ಟಿದರು. ತಂದೆ ಅರಣ್ಯಾಧಿಕಾರಿ. ಮುತ್ತಮ್ಮನವರಿಗೆ ಒಂಬತ್ತು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ಮಕ್ಕಳನ್ನು ಓದಿಸುವ ಹೊಣೆ ತಾಯಿಯ ಮೇಲೆ ಬಿತ್ತು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು, ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. 1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1949ರಲ್ಲಿ ಅವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರೇ.

ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಆಯೋಗದ ಅಧ್ಯಕ್ಷರೇ ತಮ್ಮನ್ನು ಈ ಸೇವೆಗೆ ಸೇರದಂತೆ ತಡೆಯಲು ನೋಡಿದರೆಂದೂ, ಸಂದರ್ಶನದಲ್ಲಿ ತಮಗೆ ಅತಿ ಕಡಿಮೆ ಅಂಕ ಬೀಳುವಂತೆ ಮಾಡಿದ್ದನ್ನು ಅನಂತರ ಅವರೇ ಹೇಳಿದರೆಂದೂ ಮುತ್ತಮ್ಮ ಮುಂದೆ ತಮ್ಮ ಅರ್ಜಿಯಲ್ಲಿ ಹೇಳಿದ್ದಾರೆ. ಸೇರುವಾಗ ಒಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು. ಅವರ ಜೊತೆಗೆ ಸೇರಿದ ಗಂಡಸರಲ್ಲಿ ಯಾರೂ ಅಂಥ ಮುಚ್ಚಳಿಕೆ ಬರೆದುಕೊಡಬೇಕಾಗಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ, 1951ರಲ್ಲಿ, ಕಲ್ಲಿಕೋಟೆಯಲ್ಲಿ ಬೆಳೆದು ಓದಿದ ಅನ್ನಾ ರಾಜಂ ಜಾರ್ಜ್ ಐ.ಎ.ಎಸ್.ಗೆ ಸೇರಿ ಆ ಸೇವೆಯ ಮೊದಲ ಮಹಿಳೆಯಾದರು. ಅವರ ಕೈಗೆ ಬಂದ ನೇಮಕಾತಿ ಪತ್ರದಲ್ಲೂ ಮದುವೆಯಾದರೆ ಸೇವೆ ಕೊನೆಗೊಳ್ಳುವುದು ಎಂಬ ಷರತ್ತು ಇತ್ತು. ಕೆಲವು ವರ್ಷಗಳಲ್ಲಿ ಆ ನಿಯಮ ಸಡಿಲವಾಯಿತು. ಅವರು ಸೇವೆಯಲ್ಲಿ ಉಳಿದರು, ಮದುವೆಯೂ ಆದರು. ಅವರ ಪತಿ ಆರ್. ಎನ್. ಮಲ್ಹೋತ್ರಾ 1985ರಿಂದ 1990ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಆ ಷರತ್ತು ಗಟ್ಟಿಯಾಗಿ ಉಳಿದಿದ್ದರೆ ದೇಶ ಒಬ್ಬ ಸಮರ್ಥ ಅಧಿಕಾರಿಯನ್ನು ಕಳೆದುಕೊಳ್ಳುತ್ತಿತ್ತು. ಅವರ ಗಂಡನ ಬಡ್ತಿಗೆ ಮಾತ್ರ ಕೂದಲೆಳೆಯ ಅಡ್ಡಿಯೂ ಆಗುತ್ತಿರಲಿಲ್ಲ.

ಈ ನಿಯಮ ನಮ್ಮದೇ ಕಲ್ಪನೆಯಲ್ಲ. ಬ್ರಿಟಿಷರ ಸರಕಾರಿ ಸೇವೆಯಲ್ಲೂ ಮದುವೆಯಾದ ಹೆಣ್ಣು ಹೊರಗೆ ಹೋಗಬೇಕಾಗಿತ್ತು. ಅಲ್ಲಿಯ ಒಳನಾಡು ಸೇವೆಯಲ್ಲಿ ಅದು 1946ರಲ್ಲಿ ರದ್ದಾಯಿತು, ವಿದೇಶಾಂಗ ಸೇವೆಯಲ್ಲಿ 1973ರವರೆಗೂ ಉಳಿಯಿತು. ಅಂತೂ ಆಳಿದವರು ತಮ್ಮ ಮನೆಯಲ್ಲಿ ಬಿಡಲು ತೊಡಗಿದ್ದ ಹಳೆಯ ಅಂಗಿಯನ್ನು ನಾವು ಹೊಸದಾಗಿ ತೊಟ್ಟುಕೊಂಡೆವು.

ಸಂವಿಧಾನದ ನಂತರದ ನಿಯಮ

ಮುತ್ತಮ್ಮನವರ ಮುಚ್ಚಳಿಕೆ 1949ರದು. ಆಗ ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. 1950ರ ಜನವರಿ 26ರಂದು ಸಂವಿಧಾನ ಬಂತು. ಲಿಂಗದ ಕಾರಣಕ್ಕೆ ಸರಕಾರಿ ಉದ್ಯೋಗದಲ್ಲಿ ಭೇದ ಮಾಡಬಾರದು ಎಂದು ಅದರ 16ನೆಯ ವಿಧಿ ಸ್ಪಷ್ಟವಾಗಿ ಹೇಳಿತು. ಸಮಾನ ಕೆಲಸಕ್ಕೆ ಸಮಾನ ವೇತನ ಸರಕಾರದ ನೀತಿಯಾಗಬೇಕು ಎಂದು 39ನೆಯ ವಿಧಿ ಸೂಚಿಸಿತು. ಇದಾಗಿ ಹನ್ನೊಂದು ವರ್ಷ ಕಳೆದ ಮೇಲೆ, 1961ರಲ್ಲಿ, ವಿದೇಶಾಂಗ ಸೇವೆಯ ಹೊಸ ನಿಯಮಗಳು ಸಿದ್ಧವಾದವು. ಅದರ ನಡತೆ ನಿಯಮ 8(2)ರ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಆಕೆಯ ಸಂಸಾರದ ಜವಾಬ್ದಾರಿಗಳು ಕರ್ತವ್ಯಕ್ಕೆ ಅಡ್ಡಿಯಾಗುತ್ತವೆಂದು ಸರಕಾರಕ್ಕೆ ಅನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನೇಮಕಾತಿ ನಿಯಮ 18(4) ಇನ್ನೂ ನೇರವಾಗಿತ್ತು: ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕು ಇಲ್ಲ.

ಅದೇ 1961ರಲ್ಲಿ ನಮ್ಮ ಸಂಸತ್ತು ಹೆರಿಗೆ ಸೌಲಭ್ಯ ಕಾಯಿದೆಯನ್ನು ಅಂಗೀಕರಿಸಿತು ಎಂಬುದು ಕುತೂಹಲದ ವಿಷಯ. ದುಡಿಯುವ ತಾಯಂದಿರಿಗೆ ಹನ್ನೆರಡು ವಾರಗಳ ಸಂಬಳ ಸಹಿತ ರಜೆಯನ್ನು ಒಂದು ಕೈ ಕೊಟ್ಟಿತು. ಮದುವೆಯಾದರೆ ಮನೆಗೆ ನಡೆ ಎಂದು ಇನ್ನೊಂದು ಕೈ ಬರೆಯಿತು.

ಖಾಸಗಿ ಕಂಪನಿಗಳೂ ಹಿಂದೆ ಬಿದ್ದಿರಲಿಲ್ಲ. ಮುಂಬಯಿಯ ಒಂದು ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಅವಿವಾಹಿತ ಹುಡುಗಿಯರು ದುಡಿಯುತ್ತಿದ್ದರು. ಮದುವೆಯಾದ ದಿನವೇ ಅವರ ಕೆಲಸ ತಾನಾಗಿ ಮುಗಿಯುತ್ತಿತ್ತು. ಇವರ ಪರವಾಗಿ ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದು ತಂಡವಾಗಿ ಮಾಡುವ ಕೆಲಸ, ಮದುವೆಯಾದವರು ಹೆಚ್ಚು ರಜೆ ಹಾಕುತ್ತಾರೆ ಎಂಬುದು ಕಂಪನಿಯ ಸಮರ್ಥನೆ. 1965ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ವಿವಾಹಿತೆಯರು ಉಳಿದವರಿಗಿಂತ ಹೆಚ್ಚು ಗೈರುಹಾಜರಾಗುತ್ತಾರೆ ಎನ್ನಲು ಆಧಾರವಿಲ್ಲ ಎಂದು ಹೇಳಿ ಆ ನಿಯಮವನ್ನು ರದ್ದುಪಡಿಸಿತು. ಔಷಧಿ ಸೀಸೆಗಳನ್ನು ಪೆಟ್ಟಿಗೆಗೆ ತುಂಬುವ ಹುಡುಗಿಯರಿಗೆ 1965ರಲ್ಲೇ ದೊರೆತ ನ್ಯಾಯ ದೇಶದ ರಾಯಭಾರ ಕಚೇರಿಗಳಲ್ಲಿ ದುಡಿಯುವ ಹೆಣ್ಣಿಗೆ ಇನ್ನೂ ದೊರೆತಿರಲಿಲ್ಲ. ಏಕೆಂದರೆ ಅವರ ಬೆನ್ನಿಗೆ ಸಂಘವಿತ್ತು. ಈ ಮಾತಿಗೆ ಮುಂದೆ ಮರಳುತ್ತೇನೆ.

ವಿರಾಜಪೇಟೆಯಿಂದ ತಲಶ್ಶೇರಿಗೆ

ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಇರಿಟ್ಟಿ, ಕೂತುಪರಂಬಗಳ ಮೂಲಕ ರಸ್ತೆ ತಲಶ್ಶೇರಿಗೆ ಸೇರುತ್ತದೆ. ಕೊಡಗಿನ ಕಿತ್ತಳೆ, ಕಾಫಿ, ಮರಮಟ್ಟು ಇಳಿಯುವ ಹಾದಿಯದು. ಅದರ ಒಂದು ತುದಿಯ ಊರಿನ ಹೆಣ್ಣುಮಗಳು ಹೂಡಿದ ದಾವೆ ಇನ್ನೊಂದು ತುದಿಯ ಊರಿನಲ್ಲಿ ವಕೀಲಿ ಮಾಡಿದ್ದ ನ್ಯಾಯಮೂರ್ತಿಯ ಮುಂದೆ ಬಂದದ್ದು ದಿಲ್ಲಿಯಲ್ಲಿ.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದರು. ವೃತ್ತಿಯಿಂದ ಬಂದ ಮಹಿಳಾ ಅಧಿಕಾರಿಯೊಬ್ಬರು ಭಾರತದ ರಾಯಭಾರಿಯಾದದ್ದು ಅದೇ ಮೊದಲು. ಆದರೂ ಮೇಲಿನ ಶ್ರೇಣಿಗೆ ಬಡ್ತಿ ಕೊಡುವ ಹೊತ್ತಿನಲ್ಲಿ ಅವರಿಗೆ ಅಷ್ಟು ಅರ್ಹತೆ ಇಲ್ಲವೆಂದು ಪಕ್ಕಕ್ಕೆ ಸರಿಸಲಾಯಿತು. ಅವರಿಗಿಂತ ಕಿರಿಯರು ಮುಂದೆ ಹೋದರು. ಆಗ ಅವರು ಸರಕಾರಿ ಸೇವೆಯಲ್ಲಿ ಇದ್ದುಕೊಂಡೇ ಸರಕಾರದ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ತಮ್ಮ ಬಡ್ತಿಯ ಪ್ರಶ್ನೆಯ ಜೊತೆಗೆ 8(2) ಮತ್ತು 18(4)ನೆಯ ನಿಯಮಗಳನ್ನೂ ಅವರು ಪ್ರಶ್ನಿಸಿದರು. ನೌಕರಿಯಲ್ಲಿರುವವರಿಗೆ ಇದರ ತೂಕ ಗೊತ್ತಿದೆ. ಮೇಲಧಿಕಾರಿಯ ವಿರುದ್ಧ ಅರ್ಧ ಹಾಳೆಯ ದೂರು ಬರೆಯುವುದಕ್ಕೂ ನಾವು ಹತ್ತು ಸಲ ಯೋಚಿಸುತ್ತೇವೆ.

ಅರ್ಜಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ. ಎನ್. ಸಿಂಘಾಲ್ ಅವರ ಪೀಠಕ್ಕೆ ಬಂತು. ಪಾಲಕ್ಕಾಡು ಕಡೆಯ ಮನೆತನದ ಕೃಷ್ಣ ಅಯ್ಯರ್ ತಲಶ್ಶೇರಿಯಲ್ಲಿ ವಕೀಲರಾಗಿ ರೈತ ಕಾರ್ಮಿಕರ ಪರವಾಗಿ ವಾದಿಸಿ ಹೆಸರು ಪಡೆದವರು. 1952ರಲ್ಲಿ ಕೂತುಪರಂಬದಿಂದ ಮದರಾಸು ಶಾಸನಸಭೆಗೆ ಆಯ್ಕೆಯಾದವರು, 1957ರ ಮೊದಲ ಕೇರಳ ಸರಕಾರದಲ್ಲಿ ಮಂತ್ರಿಯಾಗಿದ್ದವರು.

ವಿಚಾರಣೆ ನಡೆಯುವ ಹೊತ್ತಿಗೆ ಸರಕಾರ ಚುರುಕಾಯಿತು. ಮುತ್ತಮ್ಮನವರಿಗೆ ಬಡ್ತಿ ಸಿಕ್ಕಿತು. 18(4)ನೆಯ ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, 8(2)ನ್ನೂ ತೆಗೆಯಲಿದ್ದೇವೆ ಎಂದು ಸರಕಾರ ತಿಳಿಸಿತು. ಹಾಗಾಗಿ 1979ರ ಸೆಪ್ಟೆಂಬರ್ 17ರಂದು ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಕಾಗದದ ಮೇಲೆ ನೋಡಿದರೆ ಮುತ್ತಮ್ಮ ಗೆಲ್ಲಲಿಲ್ಲ. ಆದರೆ ಆ ಪುಟ್ಟ ತೀರ್ಪನ್ನು ಓದಿದವರಿಗೆ ಯಾರು ಗೆದ್ದರೆಂಬ ಸಂಶಯ ಉಳಿಯುವುದಿಲ್ಲ. ಸಂಸಾರದ ಜವಾಬ್ದಾರಿ ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕರ್ತವ್ಯಕ್ಕೆ ಏಕೆ ಆಗಬಾರದು ಎಂದು ಕೃಷ್ಣ ಅಯ್ಯರ್ ಕೇಳಿದರು. ಕೆಲವು ವಿಶೇಷ ಕೆಲಸಗಳಲ್ಲಿ ಭೇದ ಅನಿವಾರ್ಯವಾಗಬಹುದು, ಅದನ್ನು ಬಿಟ್ಟರೆ ಸಮಾನತೆಯೇ ನಿಯಮವಾಗಬೇಕು ಎಂದರು. ಮುತ್ತಮ್ಮ ಕಳೆದುಕೊಂಡ ಹಿರಿತನವನ್ನು ಮರುಪರಿಶೀಲಿಸಲು ಹೇಳಿದರು. ಎಲ್ಲ ಸೇವಾ ನಿಯಮಗಳನ್ನೂ ತಿರುವಿ ಹಾಕಿ ಲಿಂಗಭೇದದ ಕಲೆಯನ್ನು ತೊಳೆಯಬೇಕೆಂದು ಸರಕಾರಕ್ಕೆ ತಿಳಿಹೇಳಿದರು. ಅದಕ್ಕೆ ಒಬ್ಬೊಬ್ಬರೂ ಕೋರ್ಟಿಗೆ ಬರುವವರೆಗೆ ಕಾಯಬಾರದು ಎಂಬುದು ಅವರ ಆಶಯ.

ಮುತ್ತಮ್ಮ ಘಾನಾ, ನೆದರ್‌ಲ್ಯಾಂಡ್ಸ್‌ಗಳಲ್ಲೂ ರಾಯಭಾರಿಯಾಗಿ 1982ರಲ್ಲಿ ನಿವೃತ್ತರಾದರು. ಕೊಡವ ಅಡುಗೆಯ ಬಗ್ಗೆ ಒಂದು ಪುಸ್ತಕವನ್ನೂ ಬರೆದರು ಎಂಬುದು ಅಡುಗೆಮನೆಯ ವಾದದವರಿಗೆ ಒಳ್ಳೆಯ ಉತ್ತರ. ಅಡುಗೆಯನ್ನೂ ಬಲ್ಲ, ರಾಯಭಾರವನ್ನೂ ಬಲ್ಲ ಆ ಮಹಿಳೆ 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಬೇರೆ ಬೇರೆ ವೇಷ

ತಿರುವಿ ಹಾಕಬೇಕೆಂದ ಪುಸ್ತಕಗಳನ್ನು ಬೇಗನೆ ಯಾರೂ ತಿರುವಲಿಲ್ಲ. ಏರ್ ಇಂಡಿಯಾದ ಗಗನಸಖಿಯರಿಗೆ ಪ್ರತ್ಯೇಕ ನಿಯಮವಿತ್ತು. ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ನಿವೃತ್ತಿ, ಮೊದಲ ಬಾರಿ ಗರ್ಭಿಣಿಯಾದರೆ ನಿವೃತ್ತಿ, ಇವೆರಡೂ ಇಲ್ಲದಿದ್ದರೆ 35ನೆಯ ವಯಸ್ಸಿಗೆ ನಿವೃತ್ತಿ. ಆಡಳಿತ ನಿರ್ದೇಶಕರು ಮನಸ್ಸು ಮಾಡಿದರೆ 45ರವರೆಗೆ ಉಳಿಯಬಹುದು. ಅದೇ ವಿಮಾನದಲ್ಲಿ ದುಡಿಯುವ ಗಂಡಸರ ನಿವೃತ್ತಿ ವಯಸ್ಸು 58. ನರ್ಗೇಶ್ ಮಿರ್ಜಾ ಮೊದಲಾದವರು ಇದನ್ನು ಪ್ರಶ್ನಿಸಿದರು. 1981ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗರ್ಭಿಣಿಯನ್ನು ಹೊರಹಾಕುವ ನಿಯಮವನ್ನು ಕಟುವಾಗಿ ಖಂಡಿಸಿ ರದ್ದುಮಾಡಿತು, ನಿರ್ದೇಶಕರ ಮನಸೋಇಚ್ಛೆಯ ಅಧಿಕಾರವನ್ನೂ ಕಿತ್ತುಹಾಕಿತು. ಆದರೆ ನಾಲ್ಕು ವರ್ಷ ಮದುವೆಯಾಗಬಾರದೆಂಬುದನ್ನು ಎತ್ತಿಹಿಡಿಯಿತು. ಅದು ಹುಡುಗಿಯ ಆರೋಗ್ಯಕ್ಕೂ ದೇಶದ ಕುಟುಂಬ ಯೋಜನೆಗೂ ಒಳ್ಳೆಯದಂತೆ. ಅಡುಗೆಮನೆಯ ವಾದ ಇಲ್ಲಿ ಹಿತಚಿಂತಕನ ವೇಷದಲ್ಲಿ ಬಂದಿತ್ತು.

ಮುಂದಿನ ಪ್ರಕರಣ ನಮ್ಮ ಬ್ಯಾಂಕು ವಿಮೆಗಳ ವಲಯದ್ದು. ಜೀವವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರುವ ಹೆಂಗಸರು ಒಂದು ಘೋಷಣಾ ಪತ್ರ ತುಂಬಬೇಕಿತ್ತು. ಮುಟ್ಟು ಕ್ರಮವಾಗಿ ಆಗುತ್ತದೆಯೇ, ಕೊನೆಯ ಬಾರಿ ಆದ ದಿನಾಂಕ ಯಾವುದು, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ, ಗರ್ಭಪಾತ ಆಗಿತ್ತೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ನೀರಾ ಮಾಥುರ್ ಎಂಬ ಸಹಾಯಕಿ ಪರೀಕ್ಷಾವಧಿಯಲ್ಲಿ ಹೆರಿಗೆ ರಜೆ ಪಡೆದರು. ರಜೆಯ ಮೇಲಿದ್ದಾಗಲೇ ಅವರನ್ನು ಕೆಲಸದಿಂದ ಬಿಡಿಸಲಾಯಿತು. ಪತ್ರದಲ್ಲಿ ಮುಟ್ಟಿನ ದಿನಾಂಕವನ್ನು ತಪ್ಪಾಗಿ ತೋರಿಸಿದ್ದಾರೆ ಎಂಬುದು ನಿಗಮದ ವಾದ. 1991ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಲು ಆದೇಶಿಸಿತು. ಆ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವು, ಅವನ್ನು ತೆಗೆದುಹಾಕಿ ಎಂದಿತು.

ಅಲ್ಲಿಗೆ ಮುಗಿಯಿತೆಂದುಕೊಂಡರೆ 2022ರ ಜನವರಿಯಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಸುತ್ತೋಲೆಯೊಂದು ಸುದ್ದಿಯಾಯಿತು. ನೇಮಕಾತಿಯ ಹೊತ್ತಿಗೆ ಮೂರು ತಿಂಗಳಿಗಿಂತ ಹೆಚ್ಚಿನ ಗರ್ಭಿಣಿಯಾಗಿರುವವರು ತಾತ್ಕಾಲಿಕವಾಗಿ ಅನರ್ಹರು, ಹೆರಿಗೆಯ ನಂತರ ಸೇರಬಹುದು ಎಂದು ಅದರಲ್ಲಿತ್ತು. ದೇಶದಾದ್ಯಂತ ಆಕ್ಷೇಪ ಎದ್ದಾಗ ಆ ತಿಂಗಳ ಕೊನೆಯಲ್ಲೇ ಬ್ಯಾಂಕು ಅದನ್ನು ತಡೆಹಿಡಿಯಿತು. 1979ರಿಂದ ಲೆಕ್ಕ ಹಾಕಿದರೆ 43 ವರ್ಷ.

ಇನ್ನೊಂದು ನಿದರ್ಶನ ಕೊಡದಿದ್ದರೆ ಈ ಸರಣಿ ಪೂರ್ತಿಯಾಗದು. ಸೇನೆಯ ನರ್ಸಿಂಗ್ ಸೇವೆಯಲ್ಲಿ ಮದುವೆಯಾದ ಮಹಿಳೆಯರನ್ನು ಬಿಡುಗಡೆ ಮಾಡಲು ಅವಕಾಶವಿದ್ದ 1977ರ ಒಂದು ಆದೇಶವಿತ್ತು. ಲೆಫ್ಟಿನೆಂಟ್ ಆಗಿದ್ದ ಸೆಲಿನಾ ಜಾನ್ ಸೇನಾಧಿಕಾರಿಯೊಬ್ಬರನ್ನು ಮದುವೆಯಾದರು. 1988ರಲ್ಲಿ ಅವರ ಕೆಲಸ ಹೋಯಿತು. ಗಂಡನ ಕೆಲಸ ಹೋಗಲಿಲ್ಲ. ಆ ಆದೇಶವನ್ನು 1995ರಲ್ಲಿ ಹಿಂದೆಗೆದುಕೊಂಡರೂ ಅವರಿಗಾದ ನಷ್ಟ ಹಾಗೆಯೇ ಉಳಿಯಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮದುವೆಯ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವುದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನ್ಯಾಯ ಬಂದದ್ದು 36 ವರ್ಷಗಳ ನಂತರ. ಅಷ್ಟರಲ್ಲಿ ಒಂದು ಇಡೀ ಸೇವಾವಧಿಯೇ ಮುಗಿದುಹೋಗಿರುತ್ತದೆ. ಪರಿಹಾರದ ಹಣದಿಂದ ಅದನ್ನು ಮರಳಿ ಕೊಳ್ಳಲಾಗದು.

ನಿಯಮ ಪುಸ್ತಕವೇ ಇಲ್ಲದವರು

ಇಲ್ಲಿಯವರೆಗೆ ಹೇಳಿದ್ದೆಲ್ಲ ನೇಮಕಾತಿ ಪತ್ರ ಕೈಯಲ್ಲಿದ್ದವರ ಕಥೆ. ನಮ್ಮ ಗಡಿನಾಡಿನ ಬಹುಪಾಲು ಹೆಂಗಸರಿಗೆ ಅಂಥ ಪತ್ರವೇ ಇರಲಿಲ್ಲ. ಮನೆಯ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದವರು, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸಿದವರು ಅವರು.

1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಸರಕಾರ 1968ರಲ್ಲಿ ಜಾರಿ ಮಾಡಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಜಿಲ್ಲೆಯ ತಮ್ಮ ವ್ಯವಹಾರವನ್ನು ಮುಚ್ಚಿದವು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯ ಭಾಗವಾಗಿತ್ತು. ನಮ್ಮದು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಇದಕ್ಕೆ ಉತ್ತರವಾಗಿ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಗಡಿಯ ಆಚೆ ಮಾತ್ರ ಹೆಂಗಸರು ಮನೆಯಲ್ಲೇ ಕಟ್ಟುವ ಬೀಡಿಯ ಪದ್ಧತಿ ಬೆಳೆಯುತ್ತ ಹೋಯಿತು. ಮನೆಯಲ್ಲಿ ಕೂತು ಕಟ್ಟುವವಳು ಕಾರ್ಮಿಕಳೇ ಅಲ್ಲ ಎಂಬುದು ಮಾಲಕರ ವಾದ. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂಬುದು 1985ರ ತೀರ್ಪಿನಿಂದ ಖಚಿತವಾಯಿತು. ಆಕೆಯ ಹೆಸರು ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಈ ಹಕ್ಕು. ಮನೆಯ ಮೂವರು ಹೆಂಗಸರು ಕಟ್ಟಿದ ಬೀಡಿ ಒಬ್ಬಳ ಹೆಸರಿನಲ್ಲಿ ಬ್ರಾಂಚಿಗೆ ಹೋದರೆ ಉಳಿದಿಬ್ಬರು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಅಂಗಡಿಗಳ ವಿಷಯ. ಬಟ್ಟೆ ಅಂಗಡಿಯ ಹುಡುಗಿಯರು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಶೌಚಾಲಯವಿಲ್ಲದ ಕಾರಣ ಎಷ್ಟೋ ಮಂದಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಕಲ್ಲಿಕೋಟೆಯ ಮಿಠಾಯಿ ತೆರುವಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಮತ್ತು ಅವರ ಗೆಳತಿಯರು ಪೆಣ್‌ಕೂಟ್ಟು ಎಂಬ ಸಂಘಟನೆ ಕಟ್ಟಿ ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರಲು ಸ್ಟೂಲು ಕೇಳಿದರು. ತೃಶ್ಶೂರಿನ ಒಂದು ಬಟ್ಟೆ ಅಂಗಡಿಯ ಹೆಂಗಸರು 2014ರ ಕೊನೆಯಿಂದ ನಡೆಸಿದ ಇರಿಕ್ಕಲ್ ಸಮರ, ಅಂದರೆ ಕೂರುವ ಮುಷ್ಕರ, ಕೇರಳದ ಮನೆಮಾತಾಯಿತು. 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ಕೂರಲು ಆಸನ ಕೊಡುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಶಾಸನಸಭೆಯವರೆಗೆ ಹೋಗಬೇಕಾಯಿತೇ ಎಂದು ನಗುವವರು ಹತ್ತು ಗಂಟೆ ನಿಂತು ನೋಡಬೇಕು.

ನಮಗೇನು ಪಾಠ

ಔಷಧಿ ಕಂಪನಿಯ ಹುಡುಗಿಯರಿಗೆ ಸಂಘವಿತ್ತು ಎಂದೆ. ಈ ಇಡೀ ಚರಿತ್ರೆಯಲ್ಲಿ ಎರಡು ಸಂಗತಿಗಳು ಮತ್ತೆ ಮತ್ತೆ ಕಾಣುತ್ತವೆ. ಯಾವ ನಿಯಮವೂ ತಾನಾಗಿ ಅಳಿದುಹೋಗಲಿಲ್ಲ. ಪ್ರತಿಯೊಂದರ ಹಿಂದೆಯೂ ಅರ್ಜಿಗೆ ತನ್ನ ಹೆಸರು ಹಾಕಿದ ಒಬ್ಬ ಹೆಣ್ಣು ಇಲ್ಲವೆ ಒಂದು ಸಂಘ ಇದೆ. ಎರಡನೆಯದಾಗಿ, ಹೆಸರು ಹಾಕಿದವರಿಗಿಂತ ಹೆಚ್ಚಿನ ಲಾಭ ದೊರೆತದ್ದು ಅವರ ಹಿಂದೆ ಬಂದವರಿಗೆ. ಮುತ್ತಮ್ಮನವರ ಅರ್ಜಿ ವಜಾ ಆಯಿತು. ಇಂದು ವಿದೇಶಾಂಗ ಸೇವೆಗೆ ಸೇರುವ ಹುಡುಗಿ ಯಾವ ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಗಿಲ್ಲ.

ನಾವು ಭಾಷಾ ಅಲ್ಪಸಂಖ್ಯಾತರು. ಕಾಗದದ ಮೇಲಿನ ಹಕ್ಕು ಎಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ ಕನ್ನಡಿಗರಿಗೆ 1969ರ ಆಡಳಿತ ಭಾಷೆಗಳ ಕಾಯಿದೆ ಕೊಟ್ಟಿದೆ. ಕನ್ನಡದಲ್ಲಿ ಅರ್ಜಿ ಬರೆಯುವವರು ಇರುವಷ್ಟು ಕಾಲ ಆ ಹಕ್ಕು ಬದುಕಿರುತ್ತದೆ, ಬರೆಯುವವರಿಲ್ಲದಿದ್ದರೆ ಕಾನೂನು ಪುಸ್ತಕದಲ್ಲೇ ಒಣಗುತ್ತದೆ. ದುಡಿಯುವ ಹೆಣ್ಣಿನ ಹಕ್ಕಿನ ಕಥೆಯೂ ಹೀಗೆಯೇ. ನಮ್ಮ ಅನೇಕ ಮನೆಗಳ ಹೆಣ್ಣುಮಕ್ಕಳು ಇಂದು ಪಿ.ಎಸ್.ಸಿ. ಪರೀಕ್ಷೆ ಬರೆಯುತ್ತಾರೆ, ಮಂಗಳೂರಿನ ಆಸ್ಪತ್ರೆ, ಬೆಂಗಳೂರಿನ ಕಂಪನಿಗಳಿಗೆ ಹೋಗುತ್ತಾರೆ. ಕೆಲಸ ಸಿಕ್ಕಿತೆಂದು ಪಾಯಸ ಮಾಡುವ ದಿನವೇ ನೇಮಕಾತಿ ಪತ್ರವನ್ನು ಮನೆಯವರೆಲ್ಲ ಕೂತು ಒಮ್ಮೆ ಓದಬೇಕು.

ಅದರಲ್ಲಿ ನೋಡಬೇಕಾದ ಕೆಲವು ಅಂಶಗಳಿವೆ. ಹೆರಿಗೆ ರಜೆಯನ್ನು 2017ರಲ್ಲಿ, ಮೊದಲ ಎರಡು ಮಕ್ಕಳಿಗೆ, 26 ವಾರಗಳಿಗೆ ಏರಿಸಲಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳುತ್ತದೆ; ಅದರ ಬೇರು 1997ರ ವಿಶಾಖಾ ತೀರ್ಪಿನಲ್ಲಿದೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ 1976ರ ಕಾಯಿದೆಯ ತತ್ತ್ವವು 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೊಳಗೆ ಸೇರಿಕೊಂಡಿದೆ. ಸಮಿತಿಯಲ್ಲಿ ಯಾರಿದ್ದಾರೆ, ಗಂಡಸರಿಗೂ ಹೆಂಗಸರಿಗೂ ಒಂದೇ ಸಂಬಳವೇ, ಮದುವೆ ಹೆರಿಗೆಗಳ ಬಗ್ಗೆ ಏನಾದರೂ ಷರತ್ತು ಇದೆಯೇ ಎಂದು ಕೇಳುವುದು ಸೊಕ್ಕಲ್ಲ.

ಮನೆಯೊಳಗಿನ ಒಂದು ನಿಯಮವೂ ಉಳಿದಿದೆ. ಮದುವೆಯಾದ ಮೇಲೆ ಸೊಸೆ ಕೆಲಸ ಬಿಡಬೇಕೆಂದು ಇಂದು ಯಾವ ಸರಕಾರವೂ ಬರೆಯುವಂತಿಲ್ಲ. ಆದರೆ ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಟ್ಟು, ಹುಡುಗಿ ಕೆಲಸ ಬಿಡಲು ತಯಾರಿದ್ದಾಳೆಯೇ ಎಂದು ಕೇಳುವುದು ಇನ್ನೂ ನಿಂತಿಲ್ಲ. ಅದು 8(2)ನೆಯ ನಿಯಮವೇ. ಕಾಗದದಿಂದ ಎದ್ದು ನಮ್ಮ ಚಾವಡಿಯಲ್ಲಿ ಬಂದು ಕೂತಿದೆ. ಇದನ್ನು ರದ್ದುಮಾಡಲು ಯಾವ ಸುಪ್ರೀಂ ಕೋರ್ಟೂ ಬರಲಾರದು. ಹುಡುಗಿಯ ಅಪ್ಪ ಅಮ್ಮನೇ ಆ ಪೀಠದಲ್ಲಿ ಕೂರಬೇಕು.